ತೆಗೆದ ಸೆಲ್ ಎಲ್ಲಿಟ್ಟಿರಿ?

ಮಾನ್ಯ ಸಂಪಾದಕರೇ,

ಕಳೆದುಹೋದರೆ ಮೊಬೈಲಿನಿಂದ ಹುಡುಕಿಕೊಳ್ಳಲೆಂದು ಕೀಗೊಂಚಲಿಗೆ, ಚೀಲಕ್ಕೆ ಸಿಕ್ಕಿಸುವ ಟ್ರ್ಯಾಕರ್ ಬಿಲ್ಲೆಯ ಸೆಲ್ ಬದಲಿಸುವುದು ಹೇಗೆ ಎಂದು ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಒಂದು ಬರಹ ಬಂದಿತ್ತು. ‘ಎರಡು ನಿಮಿಷದ ಕೆಲಸ, ಇದಕ್ಕಾಗಿ ಅಂಗಡಿ ಹುಡುಕಿಕೊಂಡು ಹೋಗಬೇಕಿಲ್ಲ’ ಎಂಬ ಮಾತೂ ಅದರಲ್ಲಿತ್ತು. ಆ ಅಂಗಡಿಯವನು ನಾನು. ಹೊಟ್ಟೆಯ ಮೇಲೆ ಹೊಡೆದಿರಿ ಎಂದು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಸೆಲ್ ಹಾಕಿಕೊಡುವುದಕ್ಕೆ ನಾನು ಕೂಲಿಯನ್ನೇ ತೆಗೆದುಕೊಳ್ಳುವುದಿಲ್ಲ, ಸೆಲ್ಲಿನ ಬೆಲೆ ಮಾತ್ರ. ಬರಹದಲ್ಲಿ ಬರೆದ ವಿಧಾನವೂ ಸರಿಯಾಗಿಯೇ ಇತ್ತು. ಆದರೆ ಒಳಗೆ ಹಾಕುವ ಹೊಸ ಸೆಲ್ಲಿನ ಬಗ್ಗೆ ಎಂಟು ಹತ್ತು ಸಾಲು ಬರೆದವರು, ಹೊರಗೆ ತೆಗೆದ ಹಳೆಯ ಸೆಲ್ಲನ್ನು ಏನು ಮಾಡಬೇಕು ಎಂದು ಒಂದೇ ಒಂದು ಸಾಲು ಬರೆದಿರಲಿಲ್ಲ. ಆ ಒಂದು ಸಾಲಿಗಾಗಿ ಇಷ್ಟು ಉದ್ದದ ಪತ್ರ. ಪತ್ರ ವಿಭಾಗಕ್ಕೆ ಇದು ಹೆಚ್ಚಾಯಿತು ಎನಿಸಿದರೆ ಕತ್ತರಿಸಿ, ಆದರೆ ಹುಂಡಿಯ ಸಂಗತಿಯನ್ನು ಮಾತ್ರ ಉಳಿಸಿಕೊಳ್ಳಿ.

ತುಮಕೂರಿನಲ್ಲಿ ವಾಚ್ ರಿಪೇರಿಗೆ ಕುಳಿತು 40 ವರ್ಷ ದಾಟಿತು. ಸೋದರಮಾವನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಕೆಲಸ ಕಲಿತವನು. ಆಗ ನಮ್ಮ ಊರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸವಿರುವ ವರ ಎಂದರೆ ಹೆಣ್ಣು ಹೆತ್ತವರು ಜಾತಕ ನೋಡುವ ಮೊದಲೇ ಒಪ್ಪುತ್ತಿದ್ದರು. ಬರುತ್ತಿದ್ದ ವಾಚುಗಳಲ್ಲಿ ಹೆಚ್ಚಿನವು ಕೀ ಕೊಡುವಂಥವು. ಎಣ್ಣೆ, ಧೂಳು, ತುಂಡಾದ ಸ್ಪ್ರಿಂಗು, ಇಷ್ಟೇ ನಮ್ಮ ಲೋಕ. ಆಮೇಲೆ ಕ್ವಾರ್ಟ್ಜ್ ಬಂತು, ಅದರೊಂದಿಗೆ ಸೆಲ್ ಬಂತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ನಮ್ಮೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ನನ್ನ ಅಂಗಡಿಯ ಆರಡಿ ಜಾಗ ಮಾತ್ರ ನನ್ನ ಬಳಿಯೇ ಇದೆ. ಈಗ ಅಲ್ಲಿ ವಾಚಿಗಿಂತ ಹೆಚ್ಚಾಗಿ ಸೆಲ್ ಬದಲಿಸಿಕೊಳ್ಳುವವರು ಬರುತ್ತಾರೆ. ಕಾರಿನ ರಿಮೋಟ್ ಕೀ, ಸಕ್ಕರೆ ಕಾಯಿಲೆಯವರ ಗ್ಲುಕೋಮೀಟರ್, ತೂಕದ ಯಂತ್ರ, ಮಕ್ಕಳ ಆಟಿಕೆ, ಈಚೆಗೆ ಈ ಟ್ರ್ಯಾಕರ್ ಬಿಲ್ಲೆ. ಬೆಂಗಳೂರಿಗೆ ದಿನಾಲೂ ರೈಲಿನಲ್ಲಿ ಓಡಾಡುವವರ ಚೀಲಗಳಲ್ಲಿ ಇದು ಸಾಮಾನ್ಯವಾಗಿಬಿಟ್ಟಿದೆ.

ವಾಚಿನ ಸೆಲ್ಲಿಗೂ ಇದಕ್ಕೂ ವ್ಯತ್ಯಾಸವಿದೆ. ನಾವು ‘626’ ಎಂದು ಕರೆಯುವ ವಾಚಿನ ಸೆಲ್ 6.8 ಮಿಲಿಮೀಟರ್ ಅಗಲ, ಒಂದೂವರೆ ವೋಲ್ಟಿಗಿಂತ ತುಸು ಹೆಚ್ಚು. ಟ್ರ್ಯಾಕರಿನಲ್ಲಿ ಬಹುಮಟ್ಟಿಗೆ ಇರುವುದು ಸಿಆರ್ 2032. ಆ ಹೆಸರಿನಲ್ಲೇ ಅದರ ಜಾತಕವಿದೆ: ಸಿ ಎಂದರೆ ಲಿಥಿಯಂ ಜಾತಿ, ಆರ್ ಎಂದರೆ ದುಂಡಗಿನದು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವೋಲ್ಟ್ ಮೂರು. 2025 ಎಂದಿದ್ದರೆ ಅಗಲ ಅಷ್ಟೇ, ದಪ್ಪ ಎರಡೂವರೆ. ‘ಎರಡೂ ಒಂದೇ ಅಲ್ಲವೇ’ ಎಂದು 2025 ಹಾಕಿ, ಸಡಿಲವಾಯಿತೆಂದು ಚಾಕೊಲೇಟಿನ ಬೆಳ್ಳಿ ಕಾಗದ ಮಡಿಸಿ ತುರುಕಿಕೊಂಡು ಬಂದವರನ್ನೂ ನೋಡಿದ್ದೇನೆ. ಬೆಳ್ಳಿ ಕಾಗದ ಸೆಲ್ಲಿನ ಎರಡೂ ಬದಿಗೆ ತಾಗಿದರೆ ಸೆಲ್ ಬಿಸಿಯಾಗಿ ಕೂರುತ್ತದೆ. ಕಾಗದ ಮಡಿಸಿ ಇಡುವುದು ಮದುವೆ ಮನೆಯ ಅಲುಗಾಡುವ ಮೇಜಿನ ಕಾಲಿಗೆ ಸರಿ, ಇದಕ್ಕಲ್ಲ.

ಈ ಬಿಲ್ಲೆಗೆ ಉಪಗ್ರಹದ ಜೊತೆ ಮಾತುಕತೆಯಿದೆ ಎಂದು ಅನೇಕರು ನಂಬಿದ್ದಾರೆ. ಇಲ್ಲ. ಅದು ಬ್ಲೂಟೂತಿನಲ್ಲಿ ಆಗೊಮ್ಮೆ ಈಗೊಮ್ಮೆ ತನ್ನ ಹೆಸರು ಪಿಸುಗುಟ್ಟುತ್ತದೆ, ಅಷ್ಟೇ. ಹತ್ತಿರದಲ್ಲಿ ಹಾದುಹೋಗುವ ಯಾರದೋ ಮೊಬೈಲ್ ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಬಿಲ್ಲೆಯ ಒಡೆಯರ ಮೊಬೈಲಿಗೆ ಮುಟ್ಟಿಸುತ್ತದೆ. ಪಿಸುಮಾತಿಗೆ ಶಕ್ತಿ ಕಡಿಮೆ ಸಾಕು, ಆದ್ದರಿಂದಲೇ ಒಂದು ಸೆಲ್ ವರ್ಷದಷ್ಟು ಕಾಲ ಬರುತ್ತದೆ. ಗುಬ್ಬಿ ಕಡೆಯ ತೆಂಗಿನ ಬೆಳೆಗಾರರೊಬ್ಬರು ಇದನ್ನು ಎಮ್ಮೆಯ ಕೊರಳಿಗೆ ಕಟ್ಟಿದರೆ ಹೇಗೆ ಎಂದು ಕೇಳಿದರು. ‘ನಿಮ್ಮ ತೋಟದಲ್ಲಿ ಮೊಬೈಲ್ ಹಿಡಿದ ಜನ ಎಷ್ಟು ಓಡಾಡುತ್ತಾರೆ?’ ಎಂದೆ. ಅವರು ನಕ್ಕು, ಗಂಟೆಯೇ ಇರಲಿ ಎಂದು ಎದ್ದು ಹೋದರು.

ಇನ್ನು ಸೆಲ್ ಬದಲಿಸುವ ವಿಷಯ. ಹೆಚ್ಚು ಹೆಸರಾದ, ಆಪಲ್ ಕಂಪನಿಯ ಏರ್‌ಟ್ಯಾಗ್ ಬಿಲ್ಲೆ ಆದರೆ ಸ್ಟೀಲಿನ ಬದಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಬರುವುದಿಲ್ಲ, ತಿರುಗಿಸದೆ ಒತ್ತಿದರೂ ಬರುವುದಿಲ್ಲ. ಎರಡೂ ಒಟ್ಟಿಗೆ ಆಗಬೇಕು. ಇದು ಮಕ್ಕಳ ಕೈಗೆ ಸುಲಭವಾಗಿ ತೆರೆಯದಿರಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು. ಊಟದ ನಂತರ ಕೈ ಒರೆಸದೆ ಬಂದವರಿಗೂ ಅಷ್ಟೇ ಚೆನ್ನಾಗಿ ಅಡ್ಡಬರುತ್ತದೆ. ಮುಚ್ಚಳ ಬಂದ ಮೇಲೆ ಹಳೆಯ ಸೆಲ್ ತೆಗೆದು, ಹೊಸದನ್ನು ಅಕ್ಷರವಿರುವ ಬದಿ ಮೇಲೆ ಬರುವಂತೆ ಇಟ್ಟರೆ ‘ಕೀಂವ್’ ಎಂದು ದನಿ ಬರುತ್ತದೆ. ದನಿ ಬಂತೆಂದರೆ ಸೆಲ್ ಕೂತಿತು. ಬೇರೆ ಕಂಪನಿಗಳ ಕೆಲವು ಬಿಲ್ಲೆಗಳು ಉಗುರಿಗೇ ತೆರೆಯುತ್ತವೆ. ಇನ್ನು ಕೆಲವನ್ನು ತೆರೆಯಲೇ ಆಗದಂತೆ ಅಂಟಿಸಿರುತ್ತಾರೆ. ಸೆಲ್ ಮುಗಿದರೆ ಬಿಲ್ಲೆಯೇ ಮುಗಿದಂತೆ. ಅಂಥದ್ದನ್ನು ಕಂಡರೆ ರಿಪೇರಿಯವನಾದ ನನಗೆ ಮೈ ಉರಿಯುತ್ತದೆ, ಆದರೆ ಆ ಜಗಳವನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ದನಿಯ ವಿಷಯದಲ್ಲಿ ನಾನೊಮ್ಮೆ ಬೇಸ್ತುಬಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತನ್ನ ಬಿಲ್ಲೆಯನ್ನೂ ಬೇರೆಲ್ಲೋ ಕೊಂಡ ಒಳ್ಳೆಯ ಕಂಪನಿಯ ಸೆಲ್ಲನ್ನೂ ತಂದಳು. ‘ಅಂಕಲ್, ಎಷ್ಟು ಸಲ ಹಾಕಿದರೂ ದನಿಯೇ ಬರುತ್ತಿಲ್ಲ’ ಎಂದಳು. ನಾನು ಹಾಕಿದೆ, ಬರಲಿಲ್ಲ. ಮೀಟರ್ ಹಿಡಿದೆ, 3.2 ವೋಲ್ಟ್ ತೋರಿಸಿತು. ಸೆಲ್ ಹೊಚ್ಚ ಹೊಸದು. ತಿರುಗಿಸಿ ಮಗುಚಿ ಹಾಕಿದೆ. ಕಣ್ಣಿಗೆ ಗಾಜು ಏರಿಸಿ ಒಳಗಿನ ತಗಡಿನ ಚಾಚುಗಳನ್ನು ನೋಡಿದೆ, ಬಾಗಿರಲಿಲ್ಲ. ಬಿಲ್ಲೆಯೇ ಕೆಟ್ಟಿದೆ ಎಂದು ತೀರ್ಪು ಕೊಡುವುದರಲ್ಲಿದ್ದೆ. ಕೊನೆಗೆ ನನ್ನ ಡ್ರಾಯರಿನಿಂದ 40 ರೂಪಾಯಿಯ ಸಾದಾ ಸೆಲ್ ತೆಗೆದು ಹಾಕಿದರೆ, ಮುಟ್ಟುವಷ್ಟರಲ್ಲಿ ಕೂಗಿತು. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇನೋ ಕೈಚಳಕ ಮಾಡಿ ಅವಳ ದುಬಾರಿ ಸೆಲ್ಲನ್ನು ಹೊಡೆದುಕೊಂಡೆ ಎಂಬಂತೆ.

ಅವಳು ಹೋದ ಮೇಲೆ ಆ ಸೆಲ್ಲನ್ನು ಕೈಯಲ್ಲಿಟ್ಟುಕೊಂಡು ಒಂದು ಹೊತ್ತು ನೋಡಿದೆ. ಋಣ ಬದಿಯಲ್ಲಿ, ಅಂದರೆ ಅಕ್ಷರವಿಲ್ಲದ ಬದಿಯಲ್ಲಿ, ನಡುವಿನ ಹೊಳಪಿನ ಸುತ್ತ ಒಂದು ಮಸುಕು ಉಂಗುರವಿತ್ತು. ಉಗುರಿನಿಂದ ಕೆರೆದೆ, ಏನೋ ಅರಗಿನ ಪದರದಂತೆ ತುಸು ಎದ್ದಿತು. ಅಷ್ಟರಲ್ಲಿ ಹನ್ನೊಂದರ ಟೀ ಬಂತು. ಬಿಸ್ಕತ್ತು ಅದ್ದಿ ಬಾಯಿಗಿಟ್ಟೆ. ಅಯ್ಯೋ ರಾಮ! ಹಾಗಲಕಾಯಿ, ಬೇವು, ಯಾವುದೂ ಇದರ ಸಮಕ್ಕೆ ನಿಲ್ಲುವುದಿಲ್ಲ. ಬಿಸ್ಕತ್ತು ಹಳಸಿದೆ ಎಂದು ಟೀ ಹುಡುಗನನ್ನು ಗದರಿದೆ. ಅವನು ಅದೇ ಪೊಟ್ಟಣದಿಂದ ಒಂದು ತಿಂದು ತೋರಿಸಿ, ‘ಚೆನ್ನಾಗಿಯೇ ಇದೆಯಲ್ಲ ಯಜಮಾನರೇ’ ಎಂದ. ನಾನು ಇನ್ನೊಂದು ತೆಗೆದುಕೊಂಡೆ. ಅದೂ ಕಹಿ. ಕಹಿ ಬಿಸ್ಕತ್ತಿನದಲ್ಲ, ನನ್ನ ಬೆರಳಿನದು ಎಂದು ಹೊಳೆಯಲು ಮೂರು ಬಿಸ್ಕತ್ತು ಹಾಳಾದವು. ಆ ಹುಡುಗನಿಗೆ ನಾನು ತಪ್ಪಾಯಿತು ಎಂದು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಸಂಜೆ ಮಗನಿಗೆ ಹೇಳಿ ಹುಡುಕಿಸಿದಾಗ ಗುಟ್ಟು ತಿಳಿಯಿತು. ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗುಳಿಬಿಡಲಿ ಎಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪನ ಬಳಿಯುತ್ತವೆ. ಡಿನಟೋನಿಯಂ ಎಂಬುದು ಅದರ ಹೆಸರು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದದ್ದು, ಮನುಷ್ಯರಿಗೆ ಗೊತ್ತಿರುವ ಕಹಿಗಳಲ್ಲೆಲ್ಲ ಹೆಚ್ಚಿನ ಕಹಿ. ಸೆಲ್ಲಿನ ಬದಿಯನ್ನು ಮುಟ್ಟಬೇಕಾದ ತಗಡಿನ ಚಾಚು ಸರಿಯಾಗಿ ಆ ಲೇಪನದ ಮೇಲೆಯೇ ಕೂತರೆ ವಿದ್ಯುತ್ ಹರಿಯುವುದಿಲ್ಲ. ಕಹಿ ಲೇಪನದ ಸೆಲ್‌ಗಳು ಕೆಲಸ ಮಾಡದೇ ಇರಬಹುದು ಎಂದು ಏರ್‌ಟ್ಯಾಗ್ ತಯಾರಕರು ತಮ್ಮ ಸೂಚನೆಯಲ್ಲಿಯೇ ಬರೆದಿದ್ದಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಆ ಉಂಗುರವನ್ನು ಒರೆಸಿದರೆ ಸೆಲ್ ನಡೆಯುತ್ತದೆ. ನಾನು ಒರೆಸಿ ನೋಡಿದ್ದೇನೆ. ಆದರೆ ಮನೆಯಲ್ಲಿ ಚಿಕ್ಕ ಮಗುವಿದೆ ಎಂದು ಗೊತ್ತಾದರೆ ಒರೆಸಿಕೊಡುವುದಿಲ್ಲ. ಮಗುವಿಗಾಗಿ ಹಚ್ಚಿದ್ದನ್ನು ಯಂತ್ರಕ್ಕಾಗಿ ಅಳಿಸುವುದು ನನಗೆ ಒಗ್ಗುವುದಿಲ್ಲ. ಹಾಗೆಂದು ಕಹಿ ಇದ್ದ ಮಾತ್ರಕ್ಕೆ ಮಗು ನುಂಗುವುದೇ ಇಲ್ಲ ಎಂಬ ಧೈರ್ಯವೂ ನನಗಿಲ್ಲ. ನಾನು ಮೂರು ಬಿಸ್ಕತ್ತು ತಿಂದೆನಲ್ಲ.

ಇಷ್ಟೆಲ್ಲ ಹೊಸ ಸೆಲ್ಲಿನ ಕಥೆಯಾಯಿತು. ನನ್ನ ಕಾಳಜಿ ಇರುವುದು ಹಳೆಯದರ ಮೇಲೆ.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದು, ‘ಟ್ರ್ಯಾಕರಿನ ಬ್ಯಾಟರಿ ಮುಗಿದಿದೆ ಎಂದು ಮೊಬೈಲ್ ಸುಳ್ಳು ಹೇಳುತ್ತಿದೆ. ಮೀಟರಿನಲ್ಲಿ ನೋಡಿದೆ, 2.9 ಇದೆ. ಮೂರಕ್ಕೆ ಎಷ್ಟು ಕಡಿಮೆ?’ ಎಂದು ವಾದಕ್ಕೆ ನಿಂತ. ಅವನಿಗೆ ನಮ್ಮ ಮನೆಯ ನಲ್ಲಿಯ ಉದಾಹರಣೆ ಕೊಟ್ಟೆ. ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ನೀರಿದೆ, ಎತ್ತರವೂ ಇದೆ, ಆದರೆ ಪೈಪಿನಲ್ಲಿ ಸುಣ್ಣ ಕಟ್ಟಿದೆ. ಬೆರಳಿನಿಂದ ನಲ್ಲಿಯ ಬಾಯಿ ಮುಚ್ಚಿದರೆ ಒತ್ತಡ ಗೊತ್ತಾಗುತ್ತದೆ, ಬಕೆಟ್ ಇಟ್ಟರೆ ಮಾತ್ರ ತುಂಬುವುದಿಲ್ಲ. ಈ ಲಿಥಿಯಂ ಸೆಲ್ ಹಾಗೆಯೇ. ಸುಮ್ಮನೆ ಇರುವಾಗ ವೋಲ್ಟ್ ಕೊನೆಯವರೆಗೂ ಮೂರರ ಆಸುಪಾಸಿನಲ್ಲೇ ನಿಂತಿರುತ್ತದೆ. ಒಳಗಿನ ಅಡಚಣೆ ಮಾತ್ರ ಹೆಚ್ಚುತ್ತ ಹೋಗುತ್ತದೆ. ಟ್ರ್ಯಾಕರ್ ಒಂದು ಗುಟುಕು ಎಳೆದ ಕೂಡಲೇ ಕುಸಿದುಬೀಳುತ್ತದೆ. ಹುಡುಗ ಒಪ್ಪಿಕೊಂಡು ಹೋದ. ಆದರೆ ಅವನಿಗೆ ಪಾಠ ಹೇಳಿದ ನಾನೇ ಅದರ ಉಳಿದರ್ಧವನ್ನು ಯೋಚಿಸಿರಲಿಲ್ಲ. ಟ್ರ್ಯಾಕರಿಗೆ ಸಾಲದ ಆ ಸೆಲ್ಲಿನಲ್ಲಿ ಉಳಿದಿರುವ ವೋಲ್ಟ್ ಬೇರೆ ಯಾವುದಕ್ಕೆ ಸಾಲುತ್ತದೆ ಎಂದು.

ನನಗೊಂದು ಕೆಟ್ಟ ಅಭ್ಯಾಸವಿತ್ತು. ತೆಗೆದ ಸೆಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ಚಿಲ್ಲರೆಯ ಜೊತೆ. ರಾತ್ರಿ ಮನೆಗೆ ಹೋಗಿ ಜೇಬು ಬರಿದು ಮಾಡುವುದು ದೇವರ ಗೂಡಿನ ಕೆಳಗಿನ ಹಿತ್ತಾಳೆ ತಟ್ಟೆಗೆ. ಮೂವತ್ತು ವರ್ಷದಿಂದ ಹೀಗೆಯೇ. ಈಗಿನ ಒಂದು ರೂಪಾಯಿ ನಾಣ್ಯವೂ 20 ಮಿಲಿಮೀಟರ್, 2032 ಸೆಲ್ಲೂ 20 ಮಿಲಿಮೀಟರ್. ಒಮ್ಮೆ ಹೂ ಮಾರುವಾಕೆಗೆ ಚಿಲ್ಲರೆಯೊಳಗೆ ಸೆಲ್ ಸೇರಿಸಿ ಕೊಟ್ಟಿದ್ದೆ. ಮರುದಿನ ಅವಳು ಅಂಗಡಿಗೇ ಬಂದು, ‘ಸ್ವಾಮಿ, ಈ ಕಾಸು ಯಾವ ದೇಶದ್ದು?’ ಎಂದು ಮೇಜಿನ ಮೇಲೆ ಇಟ್ಟಳು. ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ. ಆಗಲೇ ಬುದ್ಧಿ ಬರಬೇಕಿತ್ತು.

ಈ ಸಲ ಯುಗಾದಿಗೆ ಮಗ, ಸೊಸೆ, ಮೊಮ್ಮಗಳು ಬಂದಿದ್ದರು. ಮೊಮ್ಮಗಳಿಗೆ ಒಂದೂ ಮುಕ್ಕಾಲು ವರ್ಷ. ಅವಳಿಗೆಂದು ನನ್ನ ಹೆಂಡತಿ ಜಾತ್ರೆಯಲ್ಲಿ ಒಂದು ಮಣ್ಣಿನ ಹುಂಡಿ ಕೊಂಡಿಟ್ಟಿದ್ದಳು. ಮಗು ಹಿತ್ತಾಳೆ ತಟ್ಟೆಯನ್ನು ನೆಲಕ್ಕೆ ಇಳಿಸಿಕೊಂಡು, ಒಂದೊಂದೇ ಕಾಸನ್ನು ಹುಂಡಿಯ ಸೀಳಿಗೆ ಹಾಕುತ್ತಿತ್ತು. ಟಣ್, ಸ್ವಲ್ಪ ಹೊತ್ತು, ಮತ್ತೆ ಟಣ್. ನಾನು ಪಕ್ಕದಲ್ಲೇ ಕುರ್ಚಿಯಲ್ಲಿ ನಿಮ್ಮ ಪತ್ರಿಕೆಯನ್ನೇ ಓದುತ್ತಿದ್ದೆ. ಆ ಸದ್ದು ಎಷ್ಟು ಒಂದೇ ಲಯದಲ್ಲಿತ್ತೆಂದರೆ, ನಿಂತಾಗಲೇ ಅದು ಇಷ್ಟು ಹೊತ್ತು ಇತ್ತು ಎಂದು ಗೊತ್ತಾದದ್ದು. ವಾಚ್ ರಿಪೇರಿಯವನ ಕಿವಿ, ನಿಂತ ಸದ್ದಿಗೆ ಬೇಗ ಎಚ್ಚರವಾಗುತ್ತದೆ. ತಲೆ ಎತ್ತಿದೆ. ಮಗು ಒಂದು ಕಾಸನ್ನು ಸೀಳಿಗೆ ಒತ್ತಿ ಒತ್ತಿ ನೋಡುತ್ತಿತ್ತು, ಹೋಗುತ್ತಿರಲಿಲ್ಲ. ತಿರುಗಿಸಿ ಒತ್ತಿತು, ಹೋಗಲಿಲ್ಲ. ರೂಪಾಯಿಯ ದಪ್ಪ ಒಂದೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ, ಸೆಲ್ಲಿನದು 3.2. ಹುಂಡಿಯ ಬಾಯಿಗೆ ಹೋಗದ್ದನ್ನು ತನ್ನ ಬಾಯಿಗೆ ಹಾಕಿ ನೋಡುವುದು ಆ ವಯಸ್ಸಿನ ನ್ಯಾಯ. ತುಟಿಗೆ ತಂದಿತ್ತು. ನಾನು ಕುರ್ಚಿಯಿಂದ ಹೇಗೆ ಎದ್ದೆನೋ ಗೊತ್ತಿಲ್ಲ. ಮುಷ್ಟಿ ಬಿಡಿಸಿ ಕಿತ್ತುಕೊಂಡಾಗ ಸೆಲ್ಲಿನ ಅಂಚು ಒದ್ದೆಯಾಗಿತ್ತು. ಮಗು ಕಿರುಚಿ ಅತ್ತಿತು. ‘ಒಂದು ಕಾಸಿಗೆ ಮಗುವನ್ನು ಹೀಗೆ ಅಳಿಸುವುದೇ’ ಎಂದು ಹೆಂಡತಿ ಅಡುಗೆಮನೆಯಿಂದ ಬೈದಳು. ಕೈ ತೆರೆದು ತೋರಿಸಿದೆ. ಅವಳಿಗೆ ಆಗಲೂ ಅದು ಕಾಸಿನಂತೆಯೇ ಕಂಡಿತು.

ತಟ್ಟೆಯನ್ನು ಪೂರ್ತಿ ಸುರಿದು ಎಣಿಸಿದೆ. ರೂಪಾಯಿಗಳ ನಡುವೆ ಇನ್ನೂ ನಾಲ್ಕು ಸೆಲ್‌ಗಳಿದ್ದವು. ಮರುದಿನ ಅಂಗಡಿಯಲ್ಲಿ ಮೀಟರ್ ಹಿಡಿದರೆ ಒಂದೂ 2.5 ವೋಲ್ಟಿಗಿಂತ ಕಡಿಮೆ ಇರಲಿಲ್ಲ.

ನನ್ನ ಬಳಿ ವಾಚ್ ರಿಪೇರಿಗೆ ಕೊಡುವ ಮಕ್ಕಳ ವೈದ್ಯರೊಬ್ಬರಿದ್ದಾರೆ. ಅವರಿಗೆ ಈ ಸಂಗತಿ ಹೇಳಿದಾಗ, ಯಾವಾಗಲೂ ಹರಟುವ ಮನುಷ್ಯ ಸುಮ್ಮನಾಗಿಬಿಟ್ಟರು. ಆಮೇಲೆ ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಬರೆಯುತ್ತೇನೆ. ಸೆಲ್ ಒಡೆದು ವಿಷ ಸೋರುತ್ತದೆ ಎಂದು ಜನ ತಿಳಿದಿದ್ದಾರೆ, ಆದರೆ ಅಪಾಯಕ್ಕೆ ಸೆಲ್ ಒಡೆಯಬೇಕಿಲ್ಲ. 20 ಮಿಲಿಮೀಟರಿನದು ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆ. ಅಲ್ಲಿನ ತೇವ ಎರಡೂ ಬದಿಯನ್ನು ಜೋಡಿಸಿ ವಿದ್ಯುತ್ ಹರಿಯಲು ಶುರುವಾಗುತ್ತದೆ. ಋಣ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ, ಕಾಸ್ಟಿಕ್ ಸೋಡಾದಂಥದ್ದು. ಎರಡು ಗಂಟೆಯೊಳಗೆ ತೀವ್ರವಾಗಿ ಸುಡಬಹುದು. ಸೆಲ್ ಹೊರತೆಗೆದ ಮೇಲೂ ಆ ಗಾಯ ದಿನಗಟ್ಟಲೆ ಆಳಕ್ಕೆ ಇಳಿಯಬಹುದು. ಇದಕ್ಕೆ ಮೂರು ವೋಲ್ಟೂ ಬೇಡ, ಒಂದೂ ಕಾಲು ವೋಲ್ಟ್ ಸಾಕು. ಹಾಗಾಗಿ ನಾವು ‘ಸತ್ತಿದೆ’ ಎಂದು ಎಸೆಯುವ ಸೆಲ್ ಗಂಟಲಿನ ಪಾಲಿಗೆ ಜೀವಂತವಾಗಿಯೇ ಇರುತ್ತದೆ.

ಕೆಟ್ಟ ಸಂಗತಿಯೆಂದರೆ, ಮಗು ನುಂಗಿದ್ದನ್ನು ಯಾರೂ ನೋಡಿರದಿದ್ದರೆ ಲಕ್ಷಣಗಳೆಲ್ಲ ನೆಗಡಿ ಕೆಮ್ಮಿನಂತೆಯೇ ಇರುತ್ತವೆ. ಜೊಲ್ಲು ಸುರಿಸುತ್ತದೆ, ಊಟ ಬೇಡ ಎನ್ನುತ್ತದೆ, ಕೆಮ್ಮುತ್ತದೆ. ಎಕ್ಸ್‌ರೇಯಲ್ಲಿ ನಾಣ್ಯದಂತೆ ಕಂಡರೂ ಅಂಚಿನಲ್ಲಿ ಒಂದರೊಳಗೊಂದು ಎರಡು ಗೆರೆ ಕಂಡರೆ ಅದು ಸೆಲ್ ಎಂದು ವೈದ್ಯರು ಗುರುತಿಸುತ್ತಾರಂತೆ. ಅನುಮಾನ ಬಂದರೆ ವಾಂತಿ ಮಾಡಿಸಬಾರದು, ಕಾದು ನೋಡಬಾರದು, ನೇರವಾಗಿ ದೊಡ್ಡಾಸ್ಪತ್ರೆಗೆ ಓಡಬೇಕು. ಒಂದು ವರ್ಷ ತುಂಬಿದ ಮಗುವಾಗಿದ್ದು, ನುಂಗಿ 12 ಗಂಟೆ ಆಗಿರದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ ಆರು ಸಲದವರೆಗೆ ಜೇನುತುಪ್ಪ ಕೊಡಬಹುದು ಎಂಬುದು ಅಮೆರಿಕದ ವಿಷ ಮಾಹಿತಿ ಕೇಂದ್ರದ ಸಲಹೆ. ಜೇನು ಸೆಲ್ಲಿನ ಮೇಲೆ ಪದರವಾಗಿ ಸುಡುವುದನ್ನು ತುಸು ತಡ ಮಾಡುತ್ತದೆ. ಆದರೆ ಜೇನಿನ ಬಾಟಲಿ ಹುಡುಕುತ್ತ ನಿಲ್ಲಬೇಡಿ, ಮನೆಯಲ್ಲಿ ಜೇನು ಕೊಟ್ಟು ಸರಿಹೋಯಿತೆಂದು ಕೂರಲೂ ಬೇಡಿ ಎಂದು ವೈದ್ಯರು ಎರಡೆರಡು ಸಲ ಹೇಳಿದರು.

ಬೇರೆ ದೇಶಗಳಲ್ಲಿ ಇದಕ್ಕೆ ಕಾನೂನುಗಳೇ ಬಂದಿವೆ. ಅಮೆರಿಕದ ಟೆಕ್ಸಸ್‌ನಲ್ಲಿ 2020ರಲ್ಲಿ ರಿಮೋಟಿನ ಸೆಲ್ ನುಂಗಿ ತೀರಿಕೊಂಡ ಒಂದೂವರೆ ವರ್ಷದ ರೀಸ್ ಎಂಬ ಮಗುವಿನ ಹೆಸರಿನಲ್ಲಿಯೇ 2022ರಲ್ಲಿ ಇಡೀ ಅಮೆರಿಕಕ್ಕೆ ಕಾನೂನು ಮಾಡಿದರು. ಆಸ್ಟ್ರೇಲಿಯದಲ್ಲಿ ಅದೇ ವರ್ಷದ ಜೂನ್‌ನಿಂದ ಕಡ್ಡಾಯ ನಿಯಮ ಜಾರಿಗೆ ಬಂತು. ಅದಕ್ಕೂ ಮೊದಲೇ, 2021ರಲ್ಲಿ ಏರ್‌ಟ್ಯಾಗ್ ಬಂದಾಗ, ಸೆಲ್ಲಿನ ಭಯದಿಂದ ಅಲ್ಲಿನ ಅಂಗಡಿ ಸಮೂಹವೊಂದು ಅದನ್ನು ಮಾರಾಟದಿಂದ ಹಿಂದಕ್ಕೆ ತೆಗೆದಿತ್ತು. ಸೆಲ್ಲಿನ ಪೊಟ್ಟಣವನ್ನು ಕತ್ತರಿಯಿಲ್ಲದೆ ಬಿಚ್ಚಲು ಬರುವುದಿಲ್ಲ ಎಂದು ಗಿರಾಕಿಗಳು ಗೊಣಗುವುದನ್ನು ನಾನು ದಿನವೂ ಕೇಳುತ್ತೇನೆ. ಆ ಗಟ್ಟಿ ಪೊಟ್ಟಣ ಬಂದದ್ದು ಇಂಥ ಮಕ್ಕಳಿಂದಾಗಿ. ನಮ್ಮಲ್ಲಿ ಐದು ಸೆಲ್ಲಿನ ಪಟ್ಟಿಗಳು ಈಗಲೂ ಮಾತ್ರೆಯಂತೆ ಹೆಬ್ಬೆರಳಿಗೇ ಪಟಕ್ಕನೆ ಹೊರಗೆ ಬರುತ್ತವೆ. ನನ್ನ ಅಂಗಡಿಯಲ್ಲಿ ಅವುಗಳನ್ನು ಗಾಜಿನ ಮುಂದೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿದ್ದೆ. ಯುಗಾದಿಯ ಮರುದಿನ ತೆಗೆದೆ.

ನಮ್ಮ ದೇಶದಲ್ಲಿಯೂ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸದೆ ಬೇರೆಯಾಗಿ ಒಪ್ಪಿಸುವುದು ಬಳಸುವವರ ಹೊಣೆ, ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ ಎಂದು ಅದರಲ್ಲಿದೆ. ಪೊಟ್ಟಣದ ಮೇಲೆ ಕಸದ ತೊಟ್ಟಿಗೆ ಕಾಟು ಹೊಡೆದ ಚಿತ್ರವಿರುತ್ತದೆ, ಗಮನಿಸಿ. ಕಸಕ್ಕೆ ಹಾಕಬೇಡ ಎಂದು ಚಿತ್ರ ಹೇಳುತ್ತದೆ, ಎಲ್ಲಿ ಹಾಕು ಎಂದು ಹೇಳುವುದಿಲ್ಲ. ನನ್ನ ಅಂಗಡಿಯ ಹಳೆಯ ಸೆಲ್‌ಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿಕೊಂಡು ನಾನು ಒಂದು ಕಚೇರಿಗೆ ಹೋದೆ. ಅಲ್ಲಿಂದ ಇನ್ನೊಂದು ಕೋಣೆಗೆ ಕಳಿಸಿದರು, ಅಲ್ಲಿಂದ ಮೊದಲಿನ ಕೋಣೆಗೇ. ಕೊನೆಗೆ ಒಬ್ಬರು ಡಬ್ಬಿಯ ಮುಚ್ಚಳ ತೆರೆದು ನೋಡಿ, ‘ಇಷ್ಟು ಚಿಕ್ಕದಕ್ಕೆ ಇಷ್ಟು ದೂರ ಬಂದಿರಾ? ಕಸದ ಗಾಡಿಗೆ ಹಾಕಿಬಿಡಬಾರದೇ’ ಎಂದರು. ಆ ಡಬ್ಬಿಯನ್ನು ಹೊತ್ತುಕೊಂಡು ವಾಪಸ್ ಬಂದೆ. ಕೊನೆಗೆ ಬೆಂಗಳೂರಿನಲ್ಲಿರುವ ಮಗ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುತ್ತೇನೆಂದು ರೈಲಿನಲ್ಲಿ ತೆಗೆದುಕೊಂಡು ಹೋದ. ಒಂದು ಡಬ್ಬಿ ಸೆಲ್ 70 ಕಿಲೋಮೀಟರ್ ಪ್ರಯಾಣ ಮಾಡಬೇಕಾಯಿತು.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮುಂದೆ ನೀವು ಸೆಲ್ ಬದಲಿಸುವ ವಿಧಾನ ಬರೆಯುವಾಗ, ಹೊಸ ಸೆಲ್ಲಿನ ಪೊಟ್ಟಣ ಬಿಚ್ಚುವ ಮೊದಲೇ ಒಂದು ತುಂಡು ಟೇಪನ್ನು ಕತ್ತರಿಸಿ ಪಕ್ಕದಲ್ಲಿ ಅಂಟಿಸಿಟ್ಟುಕೊಳ್ಳಿ ಎಂದು ಮೊದಲ ಸಾಲಿನಲ್ಲೇ ಹೇಳಿ. ಹಳೆಯದು ಹೊರಬಂದ ಕೂಡಲೇ ಎರಡೂ ಬದಿ ಮುಚ್ಚುವಂತೆ ಅದನ್ನು ಸುತ್ತಬೇಕು. ಟೇಪು ಸುತ್ತಿದ ಸೆಲ್ ಕಾಸಿನಂತೆ ಕಾಣುವುದಿಲ್ಲ. ಒಂದಕ್ಕೊಂದು ತಾಗಿ ಬಿಸಿಯಾಗುವುದೂ ತಪ್ಪುತ್ತದೆ. ಸುತ್ತಿದ ಮೇಲೂ ಅದನ್ನು ಟಿ.ವಿ. ಸ್ಟ್ಯಾಂಡಿನ ಮೇಲೆ, ಫ್ರಿಜ್ಜಿನ ಮೇಲೆ, ‘ಆಮೇಲೆ ಎತ್ತಿಡೋಣ’ ಎಂದು ಇಡುವುದು ಬೇಡ. ಆಮೇಲೆ ಎಂಬುದು ನನ್ನ ಮನೆಯ ಹಿತ್ತಾಳೆ ತಟ್ಟೆಯಲ್ಲಿ ಮೂವತ್ತು ವರ್ಷ ಕೂತಿತ್ತು.

ನಮ್ಮ ಊರಿನ ವಾಚ್, ಮೊಬೈಲ್, ಫ್ಯಾನ್ಸಿ ಅಂಗಡಿಯವರಿಗೂ ಒಂದು ಮಾತು. ಸೆಲ್ ಮಾರುವಾಗ ಹಳೆಯದನ್ನು ಕೇಳಿ ಪಡೆಯಿರಿ. ಗ್ಯಾಸ್ ಸಿಲಿಂಡರ್ ಕೊಡುವವರು ಖಾಲಿ ಸಿಲಿಂಡರ್ ಕೇಳುವುದಿಲ್ಲವೇ? ನಾನು ಈಗ ಸೆಲ್ ಮಾರುವಾಗ ‘ಹಳೆಯದು ತಂದಿದ್ದೀರಾ?’ ಎಂದೇ ಮೊದಲು ಕೇಳುತ್ತೇನೆ. ತಂದವರಿಗೆ ಎರಡು ರೂಪಾಯಿ ಕಡಿಮೆ. ಎರಡು ರೂಪಾಯಿಗೆ ಯಾರು ತರುತ್ತಾರೆ ಎಂದು ಪಕ್ಕದ ಅಂಗಡಿಯವರು ನಕ್ಕರು. ಆ ಬ್ಯಾಂಕಿನ ಹೆಣ್ಣುಮಗಳು ಮೊನ್ನೆ ಬಂದಿದ್ದಳು. ‘ಅಂಕಲ್, ನಮ್ಮ ಶಾಖೆಯವರೆಲ್ಲರದು’ ಎಂದು ಒಂದು ಲಕೋಟೆ ಕೊಟ್ಟಳು. ಒಳಗೆ ಹನ್ನೊಂದು ಸೆಲ್‌ಗಳು, ಎಲ್ಲಕ್ಕೂ ಬ್ಯಾಂಕಿನ ಪಾರದರ್ಶಕ ಟೇಪು ಸುತ್ತಿದೆ. 22 ರೂಪಾಯಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ತನ್ನ ಆ ಕಹಿ ಸೆಲ್ಲನ್ನು ಮಾತ್ರ ಕೇಳಿ ಇಸಿದುಕೊಂಡು ಹೋದಳು; ಅಕ್ಕನ ಮನೆಯ ರಿಮೋಟಿಗೆ ಅದು ಸರಿಹೋಗುತ್ತದಂತೆ, ಅಕ್ಕನಿಗೆ ಪುಟ್ಟ ಮಗುವಿದೆಯಂತೆ.

ಡಬ್ಬಿ ನನ್ನ ಮೇಜಿನ ಒಳಗಡೆ, ಬೀಗವಿರುವ ಖಾನೆಯಲ್ಲಿದೆ. ನನ್ನಲ್ಲಿ ಕೊಂಡ ಸೆಲ್ಲೇ ಆಗಬೇಕೆಂದಿಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ತಂದು ಕೊಡಬಹುದು, ಭಾನುವಾರ ರಜೆ.

ಇಂತಿ ನಿಮ್ಮ ಓದುಗ,
ಒಬ್ಬ ವಾಚ್ ರಿಪೇರಿಯವ, ತುಮಕೂರು